ಆಂಬುಲೆನ್ಸ್‌ಗೆ ಹಸಿರು ದೀಪ: ದುಡ್ಡು ಯಾರು ಕೊಡಬೇಕು, ಎಷ್ಟು ವರ್ಷ ಕೊಡಬೇಕು?

ಈ ಸಲ ಹಾಸನ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆಂಬುಲೆನ್ಸ್ ಮತ್ತು ಸಿಗ್ನಲ್ ಬಗ್ಗೆಯೇ ಇದ್ದವು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಆಂಬುಲೆನ್ಸ್ ಹತ್ತಿರ ಬಂದರೆ ಸಿಗ್ನಲ್ ತಾನಾಗಿ ಹಸಿರಾಗುವ ವ್ಯವಸ್ಥೆ ಬೆಂಗಳೂರಿಗೆ ಬರುತ್ತಿದೆಯಂತೆ. ಹಾಸನಕ್ಕೆ ಯಾಕೆ ಬರಬಾರದು? ಎನ್.ಆರ್. ಸರ್ಕಲ್ ಹತ್ತಿರ ಸಂಜೆ ಹೊತ್ತು ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ ನೋಡಲಾಗುವುದಿಲ್ಲ. ಇದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಯಾರನ್ನು ಕೇಳಬೇಕು?
– ನಿವೃತ್ತ ಶಿಕ್ಷಕರು, ಸಾಲಗಾಮೆ ರಸ್ತೆ, ಹಾಸನ

ಉತ್ತರ: ಬರಬಹುದು ಮೇಷ್ಟ್ರೇ, ಬರಬೇಕು ಕೂಡ. ಆದರೆ ದುಡ್ಡಿನ ಮಾತಿಗೆ ಮೊದಲು ಆ ದುಡ್ಡು ಯಾವುದಕ್ಕೆ ಹೋಗುತ್ತದೆ ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಅರ್ಜಿ ಕೊಟ್ಟರೆ, 'ಅನುದಾನ ಇಲ್ಲ' ಅಂತ ಒಂದು ಸಾಲಿನಲ್ಲಿ ಮುಗಿಸಿ ಕಳಿಸುತ್ತಾರೆ.

ಬೆಂಗಳೂರಿನಲ್ಲಿ 165 ಜಂಕ್ಷನ್‌ಗಳಿಗೆ ಹೊಸ ಬಗೆಯ ಸಿಗ್ನಲ್ ಹಾಕುವ ಯೋಜನೆ ಕೈಗೆತ್ತಿಕೊಂಡರು. ಕ್ಯಾಮೆರಾ ವಾಹನಗಳ ಸಾಲನ್ನು ನೋಡುತ್ತದೆ, ಅದಕ್ಕೆ ತಕ್ಕಂತೆ ಸಿಗ್ನಲ್ ತನ್ನ ಸಮಯ ಬದಲಿಸಿಕೊಳ್ಳುತ್ತದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ತಂತ್ರಾಂಶ ಅದರಲ್ಲಿದೆ. ಇಂಥ ಸಿಗ್ನಲ್‌ಗೆ 'ಆಂಬುಲೆನ್ಸ್ ಬರುತ್ತಿದೆ, ದಾರಿ ಬಿಡು' ಅಂತ ದೂರದಿಂದಲೇ ಹೇಳಬಹುದು, ಯಾಕೆಂದರೆ ಅದು ನಿಯಂತ್ರಣ ಕೊಠಡಿಯ ಜೊತೆ ಸಂಪರ್ಕದಲ್ಲಿರುತ್ತದೆ. ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಇರುವುದು ಟೈಮರ್ ಸಿಗ್ನಲ್. ಇಷ್ಟು ಸೆಕೆಂಡ್ ಕೆಂಪು, ಇಷ್ಟು ಸೆಕೆಂಡ್ ಹಸಿರು ಅಂತ ಒಂದು ಸಲ ತುಂಬಿಸಿಬಿಟ್ಟಿರುತ್ತಾರೆ. ಅದಕ್ಕೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ. ಆಂಬುಲೆನ್ಸ್‌ಗೆ ಆದ್ಯತೆ ಕೊಡಿಸಬೇಕಾದರೆ ಮೊದಲು ಕಂಬದ ಬುಡದಲ್ಲಿರುವ ಕಂಟ್ರೋಲರ್ ಪೆಟ್ಟಿಗೆಯನ್ನೇ ಬದಲಿಸಬೇಕು. ಇದು ಮೊದಲ ಖರ್ಚು.

ಎರಡನೆಯದು, ಆಂಬುಲೆನ್ಸ್ ಬಂದಿದ್ದು ಸಿಗ್ನಲ್‌ಗೆ ಗೊತ್ತಾಗುವ ದಾರಿ. ಮೂರು ಬಗೆ ಇವೆ. ಒಂದು, ಆಂಬುಲೆನ್ಸ್ ಮೇಲಿನ ದೀಪ ಸೆಕೆಂಡಿಗೆ ಸುಮಾರು 14 ಸಲ ಮಿನುಗುತ್ತದೆ, ಕಂಬದ ಮೇಲಿನ ಕಣ್ಣು ಅದನ್ನು ಗುರುತಿಸುತ್ತದೆ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ 1960ರ ದಶಕದ ಕೊನೆಯಲ್ಲೇ ಇದು ಬಂತು. ಇನ್ನೊಂದು, ಸೈರನ್ ಸದ್ದನ್ನು ಗುರುತಿಸುವುದು; ಹಾರ್ನ್ ಗಲಾಟೆ ಜಾಸ್ತಿ ಇರುವ ನಮ್ಮ ರಸ್ತೆಗಳಲ್ಲಿ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮೂರನೆಯದು ಜಿಪಿಎಸ್. ವಾಹನ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಅಂತ ಸರ್ವರ್‌ಗೆ ತಿಳಿಯುತ್ತದೆ, ಅಲ್ಲಿಂದ ಸಿಗ್ನಲ್‌ಗೆ ಆದೇಶ ಹೋಗುತ್ತದೆ. ನಮಗೆ ಇದೇ ಸರಿ ಅನ್ನಿಸುತ್ತದೆ. 108ಕ್ಕೆ ಫೋನ್ ಮಾಡಿದರೆ ಬರುವ ಸರ್ಕಾರಿ ಆಂಬುಲೆನ್ಸ್‌ಗಳಲ್ಲಿ ಜಿಪಿಎಸ್ ಈಗಾಗಲೇ ಇದೆ, ಖಾಸಗಿ ಆಂಬುಲೆನ್ಸ್ ಚಾಲಕರ ಜೇಬಿನಲ್ಲಿ ಫೋನ್ ಇದೆ.

ಈ ಆದೇಶ ಎಷ್ಟು ಮುಂಚೆ ಹೋಗಬೇಕು ಅನ್ನುವುದೂ ಮುಖ್ಯ. ಆಂಬುಲೆನ್ಸ್ ಬಂತು ಅಂತ ಆ ಕ್ಷಣಕ್ಕೇ ಹಸಿರು ಕೊಡಲು ಆಗುವುದಿಲ್ಲ. ಅಡ್ಡ ರಸ್ತೆಯ ಹಸಿರು ಮುಗಿಯಬೇಕು, ಹಳದಿ ಬರಬೇಕು, ಒಂದೆರಡು ಸೆಕೆಂಡ್ ನಾಲ್ಕೂ ಕಡೆ ಕೆಂಪು ಇರಬೇಕು, ರಸ್ತೆ ದಾಟುತ್ತಿರುವ ಅಜ್ಜಿ ಆ ಕಡೆ ಸೇರಬೇಕು. ಅದಾದ ಮೇಲೆ ಆಂಬುಲೆನ್ಸ್ ಮುಂದೆ ನಿಂತಿರುವ ಸಾಲು ಕರಗಬೇಕು. ಒಂದು ಕಾರು ಹೊರಡಲು ಸುಮಾರು 2 ಸೆಕೆಂಡ್ ಹಿಡಿದರೂ 15 ಕಾರಿಗೆ 30 ಸೆಕೆಂಡ್ ಆಯಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟರಲ್ಲಿ 330 ಮೀಟರ್ ದಾಟಿರುತ್ತದೆ. ಅಂದರೆ ವಾಹನ ಇನ್ನೂ ಅರ್ಧ ಕಿಲೋಮೀಟರ್ ಹತ್ತಿರ ಇರುವಾಗಲೇ ಸಿಗ್ನಲ್‌ಗೆ ಗೊತ್ತಾಗಿರಬೇಕು. ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯಂಥ ನೇರ ರಸ್ತೆಯಲ್ಲಿ ಇದು ಕಷ್ಟವಲ್ಲ. ಸಂತೇಪೇಟೆ ಕಡೆಯ ಇಕ್ಕಟ್ಟಿನಲ್ಲಿ ಸಿಗ್ನಲ್ ಹಸಿರಾದರೂ ಮುಂದೆ ಜಾಗ ಇರುವುದಿಲ್ಲ. ಅಲ್ಲಿ ದುಡ್ಡು ಹಾಕಬೇಕಾದದ್ದು ಅಡ್ಡಾದಿಡ್ಡಿ ಪಾರ್ಕಿಂಗ್ ತೆಗೆಸುವುದಕ್ಕೆ.

ಮೂರನೇ ಖರ್ಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ಕರೆಂಟ್ ಬಿಲ್, ಬ್ಯಾಟರಿ, ಸಿಮ್ ಬಾಡಿಗೆ, ತಂತ್ರಾಂಶದ ವಾರ್ಷಿಕ ಶುಲ್ಕ, ಸಿಡಿಲು ಹೊಡೆದು ಸುಟ್ಟುಹೋದ ಬೋರ್ಡ್, ಲಾರಿ ಗುದ್ದಿ ಬಾಗಿದ ಕಂಬ, ನಿಯಂತ್ರಣ ಕೊಠಡಿಯಲ್ಲಿ ಮೂರು ಪಾಳಿ ಕೂರುವವರ ಸಂಬಳ, ಇವೆಲ್ಲ ಪ್ರತಿ ವರ್ಷವೂ ಬರುತ್ತವೆ. ಪೆಟ್ಟಿಗೆ ಕೊಡಿಸಲು ಜನ ಸಿಗುತ್ತಾರೆ. ಮೂರನೇ ವರ್ಷ ಅದನ್ನು ರಿಪೇರಿ ಮಾಡಿಸಲು ಸಿಗುವುದಿಲ್ಲ. ಆದ್ದರಿಂದ ಮೊದಲು ನಿರ್ವಹಣೆಗೆ ದುಡ್ಡು ಕೊಡುವವರನ್ನು ಹುಡುಕಿ, ಆಮೇಲೆ ಪೆಟ್ಟಿಗೆಗೆ ಹುಡುಕಿ. ಈ ಪ್ರಶ್ನೆಗೆ ಉತ್ತರ ಇಲ್ಲದ ಯೋಜನೆಯನ್ನು ನಾನಂತೂ ಒಪ್ಪುವುದಿಲ್ಲ.

ಈಗ ದುಡ್ಡಿನ ದಾರಿಗಳು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ. ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳು ಅದರಲ್ಲಿ ಕೂರುತ್ತಾರೆ. ಮೊದಲ ಅರ್ಜಿ ಅಲ್ಲಿಗೇ ಹೋಗಬೇಕು. ಅಲ್ಲಿ ನಿರ್ಣಯ ಆದರೆ ರಾಜ್ಯದ ರಸ್ತೆ ಸುರಕ್ಷತಾ ಪ್ರಾಧಿಕಾರದ ಮುಂದೆ ಬೇಡಿಕೆ ಇಡಲು ಕೈಯಲ್ಲಿ ಒಂದು ಕಾಗದ ಇರುತ್ತದೆ. ಬಿ.ಎಂ. ರಸ್ತೆಯ ಜಂಕ್ಷನ್ ಆದರೆ ಹೆದ್ದಾರಿಯವರೂ ಕೂರಬೇಕು, ಇಲ್ಲದಿದ್ದರೆ ಕಂಬ ನೆಡುವ ಹೊತ್ತಿಗೆ ಅನುಮತಿ ಸಿಕ್ಕಿಲ್ಲ ಅಂತ ಕೆಲಸ ನಿಲ್ಲುತ್ತದೆ.

ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 5 ಕೋಟಿ ಇರುತ್ತದೆ. ಇದು ಆಸ್ತಿ ಮಾಡುವ ದುಡ್ಡು. ಕಟ್ಟಡ, ಯಂತ್ರ ಇಂಥದ್ದಕ್ಕೆ ಆಗುತ್ತದೆ, ಸಂಬಳಕ್ಕೋ ಕರೆಂಟ್ ಬಿಲ್‌ಗೋ ಆಗುವುದಿಲ್ಲ. ಆದ್ದರಿಂದ ಶಾಸಕರ ಹತ್ತಿರ ಕಂಟ್ರೋಲರ್, ಕ್ಯಾಮೆರಾ, ಕಂಬ ಕೇಳಿ. ವರ್ಷ ವರ್ಷದ ಖರ್ಚನ್ನು ನಗರಾಡಳಿತದ ಬಜೆಟ್‌ನಿಂದಲೇ ಕೇಳಬೇಕು. ಅವರಿಗೆ ಸ್ವಂತ ತೆರಿಗೆ ಬರುತ್ತದೆ, ರಾಜ್ಯ ಹಣಕಾಸು ಆಯೋಗದ ಅನುದಾನ ಬರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಹಾಸನದಂಥ ಊರುಗಳಿಗೆ ಶೇ. 60 ಭಾಗ ನೀರು, ಕಸ, ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣವಾಗಿತ್ತು, ಉಳಿದ ಶೇ. 40 ಮಾತ್ರ ಊರಿನ ಅಗತ್ಯ ನೋಡಿ ಬಳಸಬಹುದಾದದ್ದು. ಬಿಡಿಯಾಗಿ ಬಳಸಬಹುದಾದ ಹಣದ ಮೇಲೆ ರಸ್ತೆ, ದೀಪ, ಚರಂಡಿ ಎಲ್ಲರ ಕಣ್ಣೂ ಇರುತ್ತದೆ. ಅದಕ್ಕೇ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳಲು ನಡೆಸುವ ಸಭೆಗೆ ಹೋಗಿ. ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಹೋಗಿ, 'ಸಂಚಾರ ಸಿಗ್ನಲ್ ನಿರ್ವಹಣೆ' ಅಂತ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಬೇಕು ಅಂತ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಒಂದು ಸಾಲು ಬಂದರೆ ಮುಂದಿನ ವರ್ಷ ಅದನ್ನು ತೆಗೆಯುವುದು ಅವರಿಗೆ ಕಷ್ಟ.

ಟ್ರಾಫಿಕ್ ದಂಡದ ಹಣವನ್ನೇ ಇದಕ್ಕೆ ಬಳಸಿಕೊಳ್ಳಬಾರದೇ ಅಂತ ಸುಮಾರು ಜನ ಕೇಳುತ್ತಾರೆ. ದಂಡ ಹೋಗುವುದು ರಾಜ್ಯದ ಖಜಾನೆಗೆ. ಠಾಣೆಯವರು ಅದನ್ನು ನೇರವಾಗಿ ಖರ್ಚು ಮಾಡಲು ಬರುವುದಿಲ್ಲ. ಒಂದು ಪಾಲು ಜಿಲ್ಲೆಗೆ ವಾಪಸ್ ಬರಬೇಕು ಅನ್ನುವುದು ನ್ಯಾಯವಾದ ಬೇಡಿಕೆ, ಆದರೆ ಅದನ್ನು ಸರ್ಕಾರದ ಮಟ್ಟದಲ್ಲಿ ಕೇಳಬೇಕು.

ಇನ್ನು, ಒಂದೇ ಸಲ ಊರಿನ ಎಲ್ಲ ಸಿಗ್ನಲ್‌ಗೂ ಕೇಳಬೇಡಿ. ಸಕಲೇಶಪುರ, ಆಲೂರು, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಎಲ್ಲ ಕಡೆಯಿಂದಲೂ ರೋಗಿಗಳನ್ನು ತರುವುದು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ. ಅಲ್ಲಿಂದ ಮೈಸೂರು, ಬೆಂಗಳೂರು, ಮಂಗಳೂರಿಗೆ ಕಳಿಸುವುದೂ ಇದೇ ರಸ್ತೆಗಳ ಮೇಲೆ. ಒಂದು ತಿಂಗಳ ಮಟ್ಟಿಗೆ 108 ವಾಹನಗಳ ಜಿಪಿಎಸ್ ದಾಖಲೆ ತೆಗೆಸಿ, ಯಾವ ಜಂಕ್ಷನ್‌ನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ನಿಲ್ಲುತ್ತವೆ ನೋಡಿದರೆ ಮೂರೋ ನಾಲ್ಕೋ ಜಾಗ ತಾನಾಗಿ ಎದ್ದು ಕಾಣುತ್ತವೆ. ಅಷ್ಟಕ್ಕೇ ಮೊದಲು ಕೇಳಿ. ಕೈಯಲ್ಲಿ ಲೆಕ್ಕ ಇಟ್ಟುಕೊಂಡು ಹೋದವರ ಮಾತನ್ನು ಯಾವ ಅಧಿಕಾರಿಯೂ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಮಾಡಿ ಉಳಿಯುವುದು ಅರ್ಧ ನಿಮಿಷ ಅಲ್ವಾ? ಅದೇ ದುಡ್ಡಿಗೆ ಇನ್ನೊಂದು ಆಂಬುಲೆನ್ಸ್ ತರಬಹುದಲ್ಲ?
– ಓದುಗರೊಬ್ಬರು, ಹೊಳೆನರಸೀಪುರ

ಉತ್ತರ: ಒಳ್ಳೆಯ ಪ್ರಶ್ನೆ. ಅಮೆರಿಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಒಂದು ಜಂಕ್ಷನ್‌ಗೆ 30ರಿಂದ 45 ಸೆಕೆಂಡ್ ಉಳಿದಿದ್ದು ವರದಿಯಾಗಿದೆ. ಮೂರು ಜಂಕ್ಷನ್ ಆದರೆ ಎರಡು ನಿಮಿಷದ ಹತ್ತಿರ. ಹೃದಯ ಪೂರ್ತಿ ನಿಂತುಹೋದ ವ್ಯಕ್ತಿಗೆ ಎದೆ ಒತ್ತುವ ಸಿಪಿಆರ್ ಆಗಲಿ, ಶಾಕ್ ಆಗಲಿ ಸಿಗದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಎರಡು ನಿಮಿಷ ಅಂದರೆ ಸಣ್ಣದಲ್ಲ. 2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಇಲ್ಲಿನ ಮನೆಮನೆಯಲ್ಲೂ ಎಷ್ಟು ಭಯ ಇತ್ತು, ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಹೇಗೆ ಸಾಲು ನಿಂತರು ಅನ್ನುವುದು ನಿಮಗೂ ನೆನಪಿರಬೇಕು.

ಇನ್ನೊಂದು ಲಾಭವನ್ನು ಜನ ಮರೆಯುತ್ತಾರೆ. ಕೆಂಪು ದೀಪ ದಾಟುವಾಗ ಆಂಬುಲೆನ್ಸೇ ಅಪಘಾತಕ್ಕೆ ಸಿಗುತ್ತದೆ. ಒಳಗೆ ರೋಗಿ, ನರ್ಸ್, ಮನೆಯವರು ಇರುತ್ತಾರೆ. ಸೇಂಟ್ ಪಾಲ್ ನಗರ 1969ರಿಂದ 1976ರ ನಡುವೆ ತನ್ನ 308 ಸಿಗ್ನಲ್‌ಗಳಲ್ಲಿ 285ಕ್ಕೆ ಈ ವ್ಯವಸ್ಥೆ ಹಾಕಿತು. ತುರ್ತು ವಾಹನಗಳ ಅಪಘಾತದ ಪ್ರಮಾಣ ಸುಮಾರು ಶೇ. 70 ಕಡಿಮೆ ಆಯಿತು. ಅಷ್ಟು ಹಳೆಯ ತಂತ್ರಜ್ಞಾನದಲ್ಲೇ ಇಷ್ಟು ಸಾಧ್ಯವಾಗಿತ್ತು.

ಆದರೆ ನಿಮ್ಮ ಅನುಮಾನದಲ್ಲಿ ನಿಜ ಇದೆ. ನಮ್ಮ ದೇಶದ ಲೆಕ್ಕದ ಪ್ರಕಾರ ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, 5 ಲಕ್ಷ ಜನಕ್ಕೆ ಉಸಿರಾಟದ ಯಂತ್ರ ಎಲ್ಲ ಇರುವ ಒಂದು ಆಂಬುಲೆನ್ಸ್ ಇರಬೇಕು. ನಿಮ್ಮ ತಾಲ್ಲೂಕಿನಲ್ಲಿ ಅಷ್ಟೇ ಇಲ್ಲದಿದ್ದರೆ ಮೊದಲು ವಾಹನ ಕೇಳಿ, ಸಿಗ್ನಲ್ ಆಮೇಲೆ. ಮನೆಯವರು 108ಕ್ಕೆ ಫೋನ್ ಮಾಡಲು ತಡಮಾಡುವುದರಿಂದ ಆಗುವ ನಷ್ಟವನ್ನು ಯಾವ ಸಿಗ್ನಲ್ಲೂ ತುಂಬಿಕೊಡುವುದಿಲ್ಲ. ಎದೆನೋವನ್ನು ಗ್ಯಾಸ್ ಅಂತ ರಾತ್ರಿಯೆಲ್ಲ ನೋಡುತ್ತಾ ಕೂರಬೇಡಿ, ದಯವಿಟ್ಟು.

ಪ್ರಶ್ನೆ: ನಮ್ಮ ವರ್ತಕರ ಸಂಘದಿಂದ ಒಂದು ಜಂಕ್ಷನ್‌ಗೆ ಇಂಥ ಸಿಗ್ನಲ್ ದಾನ ಕೊಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಒಂದು ಕಾರ್ಖಾನೆಯವರೂ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುತ್ತೇವೆ ಅಂದಿದ್ದಾರೆ. ಕಂಬದ ಮೇಲೆ ನಮ್ಮ ಬೋರ್ಡ್ ಹಾಕಿಕೊಳ್ಳಬಹುದಾ?
– ಅಂಗಡಿ ಮಾಲೀಕರು, ಬಿ.ಎಂ. ರಸ್ತೆ, ಹಾಸನ

ಉತ್ತರ: ನಿಮ್ಮ ಮನಸ್ಸು ದೊಡ್ಡದು ಸಾರ್, ದಯವಿಟ್ಟು ಹಿಂದೆ ಸರಿಯಬೇಡಿ. ಆದರೆ ಹಸು ದಾನ ಕೊಟ್ಟವರು ಮೇವಿಗೂ ಒಂದು ದಾರಿ ಮಾಡಿಕೊಡಬೇಕು. ಒಂದೇ ಸಲ ಚೆಕ್ ಕೊಟ್ಟು, ಟೇಪ್ ಕತ್ತರಿಸಿ ಬಂದರೆ ಎರಡು ಮಳೆಗಾಲಕ್ಕೆ ಅದು ನಿಂತುಹೋಗುತ್ತದೆ. ಆಗ ಪೊಲೀಸರು 'ನಗರಾಡಳಿತದ್ದು' ಅನ್ನುತ್ತಾರೆ, ನಗರಾಡಳಿತದವರು 'ಸಂಘದವರು ಹಾಕಿಸಿದ್ದು' ಅನ್ನುತ್ತಾರೆ, ನಿಮ್ಮ ಹೆಸರು ಮಾತ್ರ ಕೆಟ್ಟ ಸಿಗ್ನಲ್ ಮೇಲೆ ಉಳಿಯುತ್ತದೆ.

ಹಾಗಾಗದಂತೆ ಕೊಡುವ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಸಿಗ್ನಲ್ ಯಾರ ಆಸ್ತಿ, ಕರೆಂಟ್ ಮೀಟರ್ ಯಾರ ಹೆಸರಲ್ಲಿ, ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಮಾಡಬೇಕು, ಐದು ವರ್ಷ ಆದಮೇಲೆ ಯಾರು ನೋಡಿಕೊಳ್ಳುತ್ತಾರೆ, ಇಷ್ಟೂ ಅದರಲ್ಲಿ ಇರಲಿ. ಕಂಪನಿಯನ್ನು ಹುಡುಕುವಾಗ ಪೆಟ್ಟಿಗೆಯ ಬೆಲೆಯನ್ನೂ ಐದು ವರ್ಷದ ನಿರ್ವಹಣೆಯನ್ನೂ ಒಟ್ಟಿಗೇ ಕೇಳಿ. ಬರೀ ಪೆಟ್ಟಿಗೆಗೆ ಕಡಿಮೆ ಬೆಲೆ ಹೇಳಿ ಆಮೇಲೆ ನಿರ್ವಹಣೆಯಲ್ಲಿ ಹಿಂಡುವವರು ಇರುತ್ತಾರೆ. ಹಣವನ್ನೂ ಒಟ್ಟಿಗೆ ಕೊಡಬೇಡಿ. ಒಂದು ಭಾಗ ಹಾಕಿದಾಗ, ಉಳಿದದ್ದು ಮೂರು ತಿಂಗಳಿಗೊಮ್ಮೆ, ಸಿಗ್ನಲ್ ಸರಿಯಾಗಿ ನಡೆದಿದೆ ಅಂತ ಸಂಚಾರ ಪೊಲೀಸರು ಬರೆದುಕೊಟ್ಟ ಮೇಲೆ. ಮುಂದೆ ಬೇರೆ ಕಂಪನಿಯವರೂ ಅದನ್ನು ನಡೆಸಲು ಆಗಬೇಕು ಅನ್ನುವ ಷರತ್ತನ್ನು ಮರೆಯಬೇಡಿ, ಇಲ್ಲದಿದ್ದರೆ ಒಬ್ಬರ ಕೈಗೇ ಸಿಕ್ಕಿಕೊಳ್ಳುತ್ತೀರಿ.

ಸಿಎಸ್‌ಆರ್ ಬಗ್ಗೆ ಹೇಳುವುದಾದರೆ, 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಲಾಭ 5 ಕೋಟಿ ಅಥವಾ ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಒಂದೇ ವರ್ಷಕ್ಕೆ ಮುಗಿಸಬೇಕು ಅಂತಿಲ್ಲ. ಮುಂದುವರಿಯುವ ಯೋಜನೆ ಅಂತ ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಕಾರ್ಖಾನೆಯವರಿಗೆ ಇದನ್ನೇ ಹೇಳಿ: ಒಂದೇ ಕಂತು ಬೇಡ, ವರ್ಷ ವರ್ಷ ಕೊಡಿ ಅಂತ.

ಬೋರ್ಡ್ ಹಾಕಿಕೊಳ್ಳಿ, ಆದರೆ ಸಣ್ಣದು, ಕಂಬದ ಬುಡದ ಪೆಟ್ಟಿಗೆ ಮೇಲೆ. ದೀಪದ ಅಕ್ಕಪಕ್ಕ ಬೇಡವೇ ಬೇಡ. ಹೊಳೆಯುವ ಜಾಹೀರಾತಿನ ನಡುವೆ ಕೆಂಪು ದೀಪ ಕಾಣದೆ ಹೋದರೆ ಕೊಟ್ಟ ದಾನವೇ ಅಪಾಯ ಆಗುತ್ತದೆ.

ಪ್ರಶ್ನೆ: ನಾನು ಖಾಸಗಿ ಆಂಬುಲೆನ್ಸ್ ಓಡಿಸುತ್ತೇನೆ. ಕೆಂಪು ಇದ್ದಾಗ ದಾಟಬಹುದಾ? ಹೊಸ ವ್ಯವಸ್ಥೆ ಬಂದರೆ ನಮ್ಮನ್ನೂ ಸೇರಿಸುತ್ತಾರಾ, ಬರೀ 108 ಗಾಡಿಗಳಿಗಾ?
– ಚಾಲಕರು, ಬೇಲೂರು

ಉತ್ತರ: 2017ರ ಚಾಲನಾ ನಿಯಮಗಳು ತುರ್ತು ವಾಹನಕ್ಕೆ ಕೆಂಪು ದೀಪ ದಾಟಲು ಅವಕಾಶ ಕೊಡುತ್ತವೆ ಅಣ್ಣಾ, ಆದರೆ ನಿಜವಾಗಿ ತುರ್ತು ಇರಬೇಕು, ಸೈರನ್ ಮತ್ತು ದೀಪ ಹಾಕಿರಬೇಕು, ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಂಡು ಹೋಗಬೇಕು. ಜವಾಬ್ದಾರಿ ನಿಮ್ಮದೇ. ರೋಗಿಯನ್ನು ಇಳಿಸಿ ಖಾಲಿ ವಾಪಸ್ ಬರುವಾಗ ಸೈರನ್ ಹಾಕಬೇಡಿ. ಒಂದೇ ಜಾಗದಲ್ಲಿ ಎರಡು ತುರ್ತು ವಾಹನ ಬಂದರೆ ಮೊದಲು ಅಗ್ನಿಶಾಮಕ, ಆಮೇಲೆ ಆಂಬುಲೆನ್ಸ್, ಅದರ ನಂತರ ಪೊಲೀಸ್ ವಾಹನ ಅನ್ನುವ ಕ್ರಮವೂ ಅದರಲ್ಲೇ ಇದೆ.

ನಿಮ್ಮನ್ನು ಸೇರಿಸಲೇಬೇಕು. ತಾಲ್ಲೂಕಿನಿಂದ ರೋಗಿಗಳನ್ನು ತರುವವರಲ್ಲಿ ನಿಮ್ಮಂಥವರು ಎಷ್ಟೊಂದು ಜನ ಇದ್ದೀರಿ. 108 ಗಾಡಿಗಳಿಗೆ ಮಾತ್ರ ಅಂತ ಮಾಡಿದರೆ ಅರ್ಧ ಪ್ರಯೋಜನ ಹೋಗುತ್ತದೆ. ಆದರೆ ನೋಂದಣಿ ಆಗಿರಬೇಕು, ಗಾಡಿ ಆರ್‌ಟಿಒದಲ್ಲಿ ಆಂಬುಲೆನ್ಸ್ ಅಂತಲೇ ಇರಬೇಕು, ಪ್ರತಿ ಸಲ ಹಸಿರು ಕೇಳಿದಾಗ ಯಾವ ರೋಗಿಗೆ, ಯಾವ ಆಸ್ಪತ್ರೆಗೆ ಅನ್ನುವ ದಾಖಲೆ ಉಳಿಯಬೇಕು. ವಾಹನದ ಒಳಗಿನ ಸಾಧನದ ಖರ್ಚನ್ನು ನಿಮ್ಮ ಮೇಲೆ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಫೋನ್ ಆ್ಯಪ್ ಆದರೆ ಆ ಖರ್ಚೂ ಇರುವುದಿಲ್ಲ.

ಪ್ರಶ್ನೆ: ಯಾರೋ ದುಡ್ಡಿದ್ದವರು ಆ ಸಾಧನ ಕೊಂಡುಕೊಂಡು ತಮ್ಮ ಕಾರಿಗೆ ಹಸಿರು ಮಾಡಿಕೊಂಡರೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಆಗಿದೆ ಕೂಡ. ಅಮೆರಿಕದಲ್ಲಿ ಮಿನುಗುವ ದೀಪದ ಸಾಧನಗಳು ಖಾಸಗಿಯವರ ಕೈಗೆ ಸಿಗಲು ಶುರುವಾಗಿ, 2005ರಲ್ಲಿ ಅಧಿಕಾರ ಇಲ್ಲದವರಿಗೆ ಮಾರುವುದು, ಅಂಥವರು ಬಳಸುವುದು ಎರಡನ್ನೂ ಅಪರಾಧ ಅಂತ ಕಾನೂನು ಮಾಡಬೇಕಾಯಿತು. ಬರೀ ಬೆಳಕನ್ನು ನಂಬುವ ಹಳೆಯ ಬಗೆಯಲ್ಲಿ ಈ ಕಷ್ಟ ಇದೆ. ಪ್ರತಿ ವಾಹನಕ್ಕೂ ಗುರುತಿನ ಸಂಖ್ಯೆ ಇರುವ ವ್ಯವಸ್ಥೆ ಕೊಂಡರೆ, ಪಟ್ಟಿಯಲ್ಲಿ ಇಲ್ಲದವರ ಕೋರಿಕೆಯನ್ನು ಸಿಗ್ನಲ್ ಒಪ್ಪುವುದೇ ಇಲ್ಲ. ಗಣ್ಯರ ಕಾರುಗಳನ್ನು ಈ ಪಟ್ಟಿಗೆ ಸೇರಿಸಬಾರದು ಅಂತ ಟೆಂಡರ್‌ನಲ್ಲೇ ಬರೆಸಬೇಕು. ಯಾವ ಗಾಡಿಗೆ ಯಾವಾಗ ಹಸಿರು ಸಿಕ್ಕಿತು ಅನ್ನುವ ತಿಂಗಳ ಪಟ್ಟಿ ಸಾರ್ವಜನಿಕವಾಗಿ ಸಿಗುವಂತಿರಲಿ, ರೋಗಿಯ ಹೆಸರು ಬಿಟ್ಟು.

ಪ್ರಶ್ನೆ: ಹಾಸನಾಂಬೆ ದರ್ಶನದ ದಿನಗಳಲ್ಲಿ ಈ ಸಿಗ್ನಲ್ ಉಪಯೋಗಕ್ಕೆ ಬರುತ್ತದಾ?
– ಗೃಹಿಣಿ, ಚನ್ನರಾಯಪಟ್ಟಣ

ಉತ್ತರ: ಇಲ್ಲಮ್ಮ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಬಾಗಿಲು ತೆಗೆದಾಗ ಲಕ್ಷಾಂತರ ಜನ ಬರುತ್ತಾರೆ, ರಸ್ತೆ ತುಂಬ ಜನವೇ ಇರುವಾಗ ಯಾವ ಬಣ್ಣದ ದೀಪ ಬಂದರೆ ಏನು? ಆ ದಿನಗಳಿಗೆ ಬೇಕಾದದ್ದು ಮೊದಲೇ ಗೊತ್ತುಮಾಡಿದ, ಒಂದು ಬೈಕೂ ನಿಲ್ಲದ ದಾರಿ, ಬ್ಯಾರಿಕೇಡ್‌ನಲ್ಲಿ ತಕ್ಷಣ ತೆರೆಯುವ ಜಾಗ, ಸಾಲಿನ ಹತ್ತಿರವೇ ನಿಂತಿರುವ ಆಂಬುಲೆನ್ಸ್, ವಾಕಿಟಾಕಿ ಹಿಡಿದ ಪೊಲೀಸರು. ಇದರ ಖರ್ಚನ್ನು ಬಂದೋಬಸ್ತ್ ಲೆಕ್ಕದಲ್ಲೇ ಸೇರಿಸಬೇಕು.

ಉಳಿದ ದಿನಗಳಿಗೂ ಒಂದು ಮಾತು. ಹೊಸ ವ್ಯವಸ್ಥೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಹುಪಾಲು ಸಿಗ್ನಲ್ ಪೆಟ್ಟಿಗೆಗಳಲ್ಲಿ ಕೈಯಿಂದ ನಡೆಸುವ ಸ್ವಿಚ್ ಇರುತ್ತದೆ. ಆಂಬುಲೆನ್ಸ್ ಚಾಲಕರಿಂದ ನಿಯಂತ್ರಣ ಕೊಠಡಿಗೆ, ಅಲ್ಲಿಂದ ಜಂಕ್ಷನ್‌ನಲ್ಲಿರುವ ಪೊಲೀಸರಿಗೆ ಒಂದು ನಿಮಿಷ ಮುಂಚೆ ಸುದ್ದಿ ಮುಟ್ಟಿದರೆ ಅವರೇ ಹಸಿರು ಕೊಡಬಹುದು. ಅಂಗಾಂಗ ಸಾಗಿಸುವಾಗ ಮಾಡುವ ಗ್ರೀನ್ ಕಾರಿಡಾರ್ ನಡೆಯುವುದು ಹೀಗೇ. ಇದನ್ನು ಸಂಜೆಯ ಎರಡು ಮೂರು ಗಂಟೆಗಾದರೂ ನಾಳೆಯಿಂದಲೇ ಮಾಡಬಹುದು.

ಪ್ರಶ್ನೆ: ಕೆಂಪು ದೀಪದಲ್ಲಿ ಮುಂದೆ ನಿಂತಿದ್ದೇನೆ, ಹಿಂದೆ ಸೈರನ್. ಗೆರೆ ದಾಟಿದರೆ ಕ್ಯಾಮೆರಾ ದಂಡ, ದಾಟದಿದ್ದರೆ ಪಾಪ. ಏನು ಮಾಡಲಿ?
– ಬೈಕ್ ಸವಾರ, ಅರಸೀಕೆರೆ

ಉತ್ತರ: ಎಡಕ್ಕೆ ಸರಿಯಿರಿ, ಬಲಗಡೆ ಆಂಬುಲೆನ್ಸ್‌ಗೆ ದಾರಿ ಆಗುತ್ತದೆ. ಜಾಗವೇ ಇಲ್ಲದಿದ್ದರೆ ಅಡ್ಡ ರಸ್ತೆ ನೋಡಿಕೊಂಡು ನಿಧಾನಕ್ಕೆ ಗೆರೆಯಿಂದ ಒಂದಿಷ್ಟು ಮುಂದೆ, ಎಡಬದಿಗೆ ಹೋಗಿ ನಿಲ್ಲಿ. ಆಂಬುಲೆನ್ಸ್ ಮುಂದೆಯೇ ಜೋರಾಗಿ ಓಡಿಸಿಕೊಂಡು ಹೋಗಬೇಡಿ, ಅದರ ಹಿಂದೆ ಅಂಟಿಕೊಂಡೂ ಹೋಗಬೇಡಿ. ಬೇಕೆಂದೇ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಂನಲ್ಲಿ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ದಾರಿ ಬಿಡಲು ಹೋಗಿ ಗೆರೆ ದಾಟಿದ್ದಕ್ಕೆ ಚಲನ್ ಬಂದರೆ ದಿನ, ಹೊತ್ತು, ಜಂಕ್ಷನ್ ಹೆಸರು ಬರೆದು ಸಂಚಾರ ಠಾಣೆಗೆ ತಕರಾರು ಕೊಡಿ, ಆ ಹೊತ್ತಿನ ಕ್ಯಾಮೆರಾ ದೃಶ್ಯ ನೋಡಿ ಅಂತ ಕೇಳಿ.